ಯೂರಿಯಾ ಚೀಲದ ಹಿಂದಿರುವ ಎಣ್ಣೆ, ಅನಿಲದ ಲೆಕ್ಕ

ಇಂದೂರಿನ ಕಡೆ ಗೋವಿನಜೋಳಕ್ಕೆ ಮೇಲುಗೊಬ್ಬರ ಹಾಕೋ ಹೊತ್ತಿಗೆ "ಈ ಯೂರಿಯಾ ಯಾವುದರಿಂದ ಮಾಡ್ತಾರ?" ಅಂತ ರೈತರು ನನ್ನನ್ನು ಕೇಳ್ತಿರ್ತಾರೆ. ಬಿಳಿ ಕಾಳು ನೋಡಿ ಉಪ್ಪಿನ ಹಾಗೆ ಎಲ್ಲೋ ಸಿಗುತ್ತೆ ಅಂದುಕೊಂಡವರೇ ಹೆಚ್ಚು. ಆದರೆ ಯೂರಿಯಾ ಮತ್ತು ಟ್ರ್ಯಾಕ್ಟರಿನ ಡೀಸೆಲ್ ಎರಡೂ ಒಂದೇ ಮನೆತನದವು.

ಕೋಟ್ಯಂತರ ವರ್ಷಗಳ ಹಿಂದೆ ಸಮುದ್ರದ ತಳದಲ್ಲಿ ಹೂತುಹೋದ ಸೂಕ್ಷ್ಮಜೀವಿಗಳು ಶಾಖ ಮತ್ತು ಒತ್ತಡಕ್ಕೆ ಸಿಕ್ಕಿ ಕಚ್ಚಾತೈಲವಾದವು. ಇದು ಇಂಗಾಲ, ಜಲಜನಕ ಸೇರಿದ ನೂರಾರು ವಸ್ತುಗಳ ಮಿಶ್ರಣ. ಇಂಗಾಲದ ಸರಪಳಿ ಚಿಕ್ಕದಿದ್ದರೆ ಬೇಗ ಆವಿಯಾಗುತ್ತದೆ, ಉದ್ದವಿದ್ದರೆ ತಡವಾಗಿ. ಒಂದೇ ಇಂಗಾಲವಿರುವ ಮೀಥೇನ್ ನೈಸರ್ಗಿಕ ಅನಿಲದ ಮುಖ್ಯ ಭಾಗ. ಮೂರು-ನಾಲ್ಕು ಇಂಗಾಲದ್ದು ಅಡುಗೆ ಗ್ಯಾಸ್. ನಂತರ ನಾಫ್ತಾ, ಪೆಟ್ರೋಲ್, ಡೀಸೆಲ್. ಕೊನೆಗೆ ಉಳಿಯೋದು ಡಾಂಬರು.

ಮಂಗಳೂರು ಹತ್ತಿರದ ಪಣಂಬೂರಿನ ಎಂಸಿಎಫ್ ಕಾರ್ಖಾನೆ ಬಹುಕಾಲ ನಾಫ್ತಾದಿಂದಲೇ ಯೂರಿಯಾ ಮಾಡಿತು. 2020ರ ಕೊನೆಗೆ ಕೊಚ್ಚಿಯಿಂದ ಕೊಳವೆ ಮಾರ್ಗ ಬಂದ ಮೇಲೆ ನೈಸರ್ಗಿಕ ಅನಿಲಕ್ಕೆ ಬದಲಾಯಿತು. ಕೊಚ್ಚಿಗೆ ಆ ಅನಿಲ ಬರೋದು ವಿದೇಶದಿಂದ, ದ್ರವರೂಪದಲ್ಲಿ, ಹಡಗಿನಲ್ಲಿ.

ಮೀಥೇನ್ ಜೊತೆ ನೀರಿನ ಹಬೆ ಸೇರಿಸಿ ಜಲಜನಕ ತೆಗೀತಾರೆ. ಗಾಳಿಯಲ್ಲಿ 78% ಇರುವ ಸಾರಜನಕವನ್ನು ಅದಕ್ಕೆ ಕೂಡಿಸಿದರೆ ಅಮೋನಿಯಾ. ಸಾರಜನಕದ ಜೋಡಿ ಬಹಳ ಗಟ್ಟಿ; ಅದನ್ನು ಬಿಡಿಸಲು ಕಬ್ಬಿಣದ ವೇಗವರ್ಧಕ, 400 ಡಿಗ್ರಿಗೂ ಮೀರಿದ ಶಾಖ, ವಾಯುಮಂಡಲದ ನೂರು ಪಟ್ಟಿಗೂ ಹೆಚ್ಚು ಒತ್ತಡ ಬೇಕು. ಅಮೋನಿಯಾಕ್ಕೆ ಇಂಗಾಲದ ಡೈಆಕ್ಸೈಡ್ ಸೇರಿಸಿದರೆ ಯೂರಿಯಾ. 45 ಕೆ.ಜಿ. ಚೀಲದಲ್ಲಿ ಸಾರಜನಕ ಸುಮಾರು 20.7 ಕೆ.ಜಿ.

ಹಾಗಾಗಿ ಎಲ್ಲೋ ಯುದ್ಧವಾಗಿ ಅನಿಲ ತುಟ್ಟಿಯಾದರೆ ನಮ್ಮ ಗೊಬ್ಬರಕ್ಕೂ ಬಿಸಿ ತಟ್ಟುತ್ತದೆ. 2022ರಲ್ಲಿ ಜಗತ್ತಿನಾದ್ಯಂತ ಯೂರಿಯಾ ದರ ಏರಿದ್ದು ಹೀಗೆಯೇ. ಇಲ್ಲಿ ಚೀಲದ ಮೇಲೆ ದರ ಏರಲಿಲ್ಲ, ಸಬ್ಸಿಡಿ ಹೊರೆ ಏರಿತು.

ಇದೇ ಕೆಲಸವನ್ನು ರೈಜೋಬಿಯಂ ಬ್ಯಾಕ್ಟೀರಿಯಾ ದ್ವಿದಳ ಬೆಳೆಗಳ ಬೇರುಗಂಟಿನಲ್ಲಿ, ಮಣ್ಣಿನ ಸಹಜ ಶಾಖದಲ್ಲೇ ಮಾಡುತ್ತದೆ. ಇಂಧನ ಗಿಡ ಕೊಡುವ ಸಕ್ಕರೆ.

ಯೂರಿಯಾ ಒಮ್ಮೆಲೇ ನಿಲ್ಲಿಸಿ ಅಂತ ನಾನು ಹೇಳಲ್ಲ, ಇಳುವರಿ ಬಿದ್ದೀತು. ಮೊದಲು ಒಂದು ಎಕರೆಯಲ್ಲಿ ನೋಡಿ. ನಾಟಿ ಭತ್ತಕ್ಕೆ ಮೊದಲು ಸೆಣಬು ಅಥವಾ ಡಯಂಚ ಬಿತ್ತಿ, ಹೂ ಬರುವ ಹೊತ್ತಿಗೆ ಮಣ್ಣಿಗೆ ಸೇರಿಸಿ. ಭತ್ತದ ನಂತರ ತೇವ ಇದ್ದರೆ ಅಲಸಂದೆ ಹಾಕಿ. ಬೀಜಕ್ಕೆ ಆ ಬೆಳೆಯ ರೈಜೋಬಿಯಂ ಲೇಪಿಸಿ. ತಿಂಗಳಾದ ಮೇಲೆ ಒಂದು ಗಿಡ ಕಿತ್ತು ಬೇರುಗಂಟು ಸೀಳಿ ನೋಡಿ. ಒಳಗೆ ಗುಲಾಬಿ ಬಣ್ಣವಿದ್ದರೆ ನಿಮ್ಮ ಹೊಲದ ಕಾರ್ಖಾನೆ ನಡೀತಿದೆ ಅಂತ ಲೆಕ್ಕ.