ಸದ್ದು, ಮಿಣುಕು ಬೆಳಕು ಮತ್ತು ಅರೆತಲೆನೋವು



ಕೊಟ್ಟಿಗೆಯ ಟ್ಯೂಬ್‌ಲೈಟ್ ಪಟಪಟ ಮಿಣುಕಿದರೆ ಹೆಚ್ಚಿನವರಿಗೆ ಅದೊಂದು ಸಣ್ಣ ಕಿರಿಕಿರಿ ಅಷ್ಟೆ. ಕೆಲವರಿಗೆ ಮಾತ್ರ ಕಣ್ಣಿಗೆ ಸೂಜಿ ಚುಚ್ಚಿದಂತಾಗುತ್ತದೆ. ಹಾಲು ಕರೆಯುವ ಯಂತ್ರದ ಸದ್ದು, ಕ್ಯಾನಿನ ಮುಚ್ಚಳ ಬಿದ್ದ ಸದ್ದು, ಮಿಕ್ಸಿ, ಹಬ್ಬದ ಮೈಕು ಎಲ್ಲವೂ ತಲೆಯೊಳಗೇ ಬಡಿದಂತೆ ಕೇಳಿಸುತ್ತವೆ. ಜೊತೆಗೆ "ಕೆಲಸ ತಪ್ಪಿಸಲು ಸೋಗು" ಎಂಬ ಮಾತನ್ನೂ ಕೇಳಬೇಕಾಗುತ್ತದೆ. ಇದು ಸೋಗಲ್ಲ, ದೃಷ್ಟಿ ತಾಗಿದ್ದೂ ಅಲ್ಲ. ಬಹಳ ಮಂದಿಯಲ್ಲಿ ಇದಕ್ಕೆ ಕಾರಣ ಮೈಗ್ರೇನ್, ಅಂದರೆ ಅರೆತಲೆನೋವು.

ಹೀಗೆ ಏಕೆ ಆಗುತ್ತದೆ?

ಕಣ್ಣು, ಕಿವಿಗೆ ಬಿದ್ದದ್ದನ್ನೆಲ್ಲ ಮಿದುಳು ಜರಡಿ ಹಿಡಿದು, ಬೇಡದ್ದನ್ನು ಬಿಟ್ಟುಬಿಡುತ್ತದೆ. ಗೋಡೆ ಗಡಿಯಾರದ ಟಿಕ್ ಟಿಕ್ ನಮಗೆ ಕೇಳಿಸದಿರುವುದು ಇದರಿಂದಲೇ. ಮೈಗ್ರೇನ್ ಇರುವವರಲ್ಲಿ ಈ ಜರಡಿ ಸಡಿಲವಾಗಿರುತ್ತದೆ. ನೋವು ಬಂದಾಗ ಬೆಳಕು, ಸದ್ದು ಸಹಿಸಲಾಗುವುದಿಲ್ಲ, ವಾಕರಿಕೆ ಬರುತ್ತದೆ. ಔಷಧಿ ತೆಗೆದುಕೊಳ್ಳದಿದ್ದರೆ ನೋವು 4 ಗಂಟೆಯಿಂದ 72 ಗಂಟೆಯವರೆಗೆ ಇರಬಹುದು.

ಬೆಂಗಳೂರಿನ ನಗರ ಮತ್ತು ಸುತ್ತಲಿನ ಹಳ್ಳಿಗಳಲ್ಲಿ 2,329 ಮಂದಿಯನ್ನು ಮಾತನಾಡಿಸಿ ನಿಮ್ಹಾನ್ಸ್ ತಜ್ಞರು ನಡೆಸಿದ ಅಧ್ಯಯನ 2015ರಲ್ಲಿ ಪ್ರಕಟವಾಯಿತು. ಒಂದು ವರ್ಷದ ಅವಧಿಯಲ್ಲಿ ಸುಮಾರು ನಾಲ್ವರಲ್ಲಿ ಒಬ್ಬರಿಗೆ ಮೈಗ್ರೇನ್ ಕಾಡಿತ್ತು. ಗಂಡಸರಿಗಿಂತ ಹೆಂಗಸರಲ್ಲಿ, ಪೇಟೆಗಿಂತ ಹಳ್ಳಿಯಲ್ಲಿ ಅದು ಹೆಚ್ಚು. ಆದ್ದರಿಂದ ನಿಮ್ಮ ಸಂಘದಲ್ಲಿ ಈ ನೋವು ನಿಮ್ಮೊಬ್ಬರದೇ ಇರಲಾರದು.

ಬೆಳಕಿನ ವಿಷಯದಲ್ಲಿ

ನಮ್ಮ ಮನೆಯ ಕರೆಂಟು ಸೆಕೆಂಡಿಗೆ 50 ಸುತ್ತಿನದು. ಹಳೆ ಚೋಕಿನ ಟ್ಯೂಬ್‌ಲೈಟ್ ಸೆಕೆಂಡಿಗೆ 100 ಬಾರಿ ಮಿಣುಕುತ್ತದೆ. ಕಣ್ಣಿಗೆ ಕಾಣದಿದ್ದರೂ ಕೆಲವರ ಮಿದುಳಿಗೆ ಅದು ತಿಳಿಯುತ್ತದೆ. ಟ್ಯೂಬಿನ ತುದಿ ಕಪ್ಪಾದರೆ, ಮಳೆಗಾಲದಲ್ಲಿ ವೋಲ್ಟೇಜ್ ಇಳಿದರೆ ಮಿಣುಕು ಕಣ್ಣಿಗೇ ಕಾಣುತ್ತದೆ. ಕಪ್ಪಾದ ಟ್ಯೂಬ್ ತೆಗೆಸಿ ಎಲೆಕ್ಟ್ರಾನಿಕ್ ಚೋಕ್ ಅಥವಾ ಒಳ್ಳೆಯ ಎಲ್ಇಡಿ ಹಾಕಿಸಿ. ಕಡಿಮೆ ಬೆಲೆಯ ಕೆಲವು ಎಲ್ಇಡಿಗಳೂ ಮಿಣುಕುತ್ತವೆ. ಅಂಗಡಿಯಲ್ಲೇ ಹೊತ್ತಿಸಿ, ಮೊಬೈಲ್ ಕ್ಯಾಮೆರಾದಲ್ಲಿ ನೋಡಿ. ಪರದೆಯ ಮೇಲೆ ಕಪ್ಪು ಪಟ್ಟೆಗಳು ಓಡಿದರೆ ಬೇರೆಯದನ್ನು ಕೇಳಿ. ಒದ್ದೆ ಕೈಯಲ್ಲಿ ಸ್ವಿಚ್, ಹೋಲ್ಡರ್ ಮುಟ್ಟಬೇಡಿ.

ಪಾಳ್ಯ, ಆಲೂರು, ಸಕಲೇಶಪುರದ ತೋಟದ ರಸ್ತೆಗಳಲ್ಲಿ ಸಿಲ್ವರ್ ಓಕ್ ಸಾಲಿನ ನಡುವೆ ಬಸ್ಸು ಓಡುವಾಗ ಬಿಸಿಲು ನೆರಳು ಸರಸರ ಬಡಿಯುತ್ತದಲ್ಲ, ಅದೂ ಮಿಣುಕು ಬೆಳಕೇ. ಬಿಸಿಲು ಬೀಳದ ಕಡೆ ಕೂತು, ಸೆರಗು ಮುಂದೆ ಎಳೆದುಕೊಳ್ಳಿ. ಹೊರಗಿನ ಬಿಸಿಲಿಗೆ ಕಪ್ಪು ಕನ್ನಡಕ ಸರಿ. ಮನೆಯೊಳಗೆ ಸದಾ ಹಾಕಿಕೊಂಡರೆ ಕಣ್ಣು ಕತ್ತಲಿಗೆ ಒಗ್ಗಿ, ಬೆಳಕು ಇನ್ನಷ್ಟು ಚುಚ್ಚುತ್ತದೆ.

ಸದ್ದಿನ ವಿಷಯದಲ್ಲಿ

ಹಾಲು ಕರೆಯುವ ಯಂತ್ರದ ಮೋಟಾರನ್ನು ಸಾಧ್ಯವಾದರೆ ಗೋಡೆಯ ಆಚೆ, ಮಳೆ ತಾಗದ ಕಡೆ, ರಬ್ಬರ್ ಹಾಸಿನ ಮೇಲೆ ಇರಿಸಿ. ನೋವಿರುವ ದಿನ ಮೇವು ಕತ್ತರಿಸುವ ಯಂತ್ರವನ್ನು ಮನೆಯ ಬೇರೊಬ್ಬರು ನಡೆಸಲಿ. ಕಿವಿಗೆ ಹತ್ತಿಗಿಂತ ಮೆಡಿಕಲ್ ಅಂಗಡಿಯ ಫೋಮ್ ಬಿರಡೆ ಒಳ್ಳೆಯದು. ದಿನವಿಡೀ ಇಟ್ಟುಕೊಳ್ಳಬೇಡಿ, ಕಿವಿ ಇನ್ನೂ ಸೂಕ್ಷ್ಮವಾಗುತ್ತದೆ.

ಸದ್ದು ಕಡಿಮೆ ಮಾಡಿದರೆ ಹಸುವಿಗೂ ಒಳ್ಳೆಯದು. ನಮಗೆ ಕೇಳದ ಸಣ್ಣ ಕೀಚಲು ಸದ್ದೂ ಅದಕ್ಕೆ ಕೇಳುತ್ತದೆ. ಬೆಚ್ಚಿದ ಹಸುವಿನ ಮೈಯಲ್ಲಿ ಅಡ್ರಿನಾಲಿನ್ ಏರಿ, ಹಾಲು ಇಳಿಸುವ ಆಕ್ಸಿಟೋಸಿನ್ ಕೆಲಸ ಮಾಡುವುದಿಲ್ಲ. ಹಾಲು ಕೆಚ್ಚಲಲ್ಲೇ ಉಳಿಯುತ್ತದೆ. ಮನೆಯವರಿಗೆ ನಿಮ್ಮ ತಲೆನೋವು ಅರ್ಥವಾಗದಿದ್ದರೆ ಈ ಮಾತು ಹೇಳಿ ನೋಡಿ.

ದಿನಚರಿಯಲ್ಲಿ

ನಸುಕಿನಲ್ಲಿ ಎದ್ದು, ಹಾಲು ಕರೆದು, ಡೇರಿಗೆ ಹಾಕಿ, ಸಗಣಿ ಬಾಚಿ, 10 ಗಂಟೆಗೆ ತಿಂಡಿ ತಿನ್ನುವುದು ನಮ್ಮಲ್ಲಿ ಮಾಮೂಲು. ಹಸಿವು ಮೈಗ್ರೇನನ್ನು ಕೆಣಕುತ್ತದೆ. ಕರೆಯುವ ಮೊದಲೇ ಒಂದು ಬಾಳೆಹಣ್ಣೋ ಅರ್ಧ ರೊಟ್ಟಿಯೋ ತಿಂದು ನೀರು ಕುಡಿಯಿರಿ. ಆನೆ ಬಂದ ರಾತ್ರಿ ಪಟಾಕಿ ಸದ್ದಿಗೆ ನಿದ್ದೆ ಕೆಟ್ಟಿದ್ದರೆ ಮಧ್ಯಾಹ್ನ ಸ್ವಲ್ಪ ಮಲಗಿ. ಮುಟ್ಟಿನ ಆಸುಪಾಸಿನ ದಿನಗಳಲ್ಲೂ ನೋವು ಹೆಚ್ಚು.

ಹಾಲಿನ ಪಾಸ್‌ಬುಕ್ಕಿನಲ್ಲಿ ಲೀಟರ್ ಬರೆಯುವ ಪಕ್ಕ, ನೋವು ಬಂದ ದಿನ ಒಂದು ಚುಕ್ಕಿ ಇಡಿ. ಎರಡು ತಿಂಗಳಲ್ಲಿ ಯಾವುದರಿಂದ ನೋವು ಬರುತ್ತದೆ ಎಂದು ನಿಮಗೇ ತಿಳಿಯುತ್ತದೆ. ವೈದ್ಯರಿಗೂ ಅದನ್ನೇ ತೋರಿಸಿ.

ಮಾತ್ರೆಯನ್ನು ನೋವು ಶುರುವಾದ ಕೂಡಲೇ, ವೈದ್ಯರು ಹೇಳಿದಷ್ಟೇ ತೆಗೆದುಕೊಳ್ಳಿ. ತಿಂಗಳಿಗೆ 10-15 ದಿನ ನೋವಿನ ಮಾತ್ರೆ ನುಂಗುತ್ತಿದ್ದರೆ ಆ ಮಾತ್ರೆಯೇ ತಲೆನೋವು ತರುತ್ತದೆ. ಪದೇ ಪದೇ ನೋವು ಬರುವವರಿಗೆ ಅದನ್ನು ತಡೆಯುವ ಬೇರೆ ಔಷಧಿಗಳಿವೆ. ತಾಲ್ಲೂಕು ಆಸ್ಪತ್ರೆಯಲ್ಲಿ ಕೇಳಿ.

ಮೂರ್ಛೆರೋಗ ಇದ್ದರೆ

ಮೂರ್ಛೆರೋಗ ಇರುವ ಸುಮಾರು 100ರಲ್ಲಿ 3 ಮಂದಿಗೆ ಮಿಣುಕು ಬೆಳಕಿನಿಂದಲೇ ಫಿಟ್ಸ್ ಬರುತ್ತದೆ. ಜಾತ್ರೆಯ ದೀಪ, ಟಿವಿ, ಯಾವುದೇ ಆಗಲಿ, ಸೆಕೆಂಡಿಗೆ 3ರಿಂದ 30 ಬಾರಿ ಮಿಣುಕುವ ಬೆಳಕು ಅವರಿಗೆ ಅಪಾಯ. ಎದುರಾದರೆ ಅಂಗೈಯಿಂದ ಒಂದು ಕಣ್ಣು ಪೂರ್ತಿ ಮುಚ್ಚಿ, ಮುಖ ತಿರುಗಿಸಬೇಕು. ಫಿಟ್ಸ್ ಬಂದವರನ್ನು ಮಗ್ಗುಲಾಗಿ ಮಲಗಿಸಿ. ಕೈಗೆ ಕಬ್ಬಿಣ, ಬಾಯಿಗೆ ಚಮಚ ಕೊಡಬೇಡಿ. 5 ನಿಮಿಷ ಮೀರಿದರೆ 108ಕ್ಕೆ ಕರೆ ಮಾಡಿ.

ಇವಕ್ಕೆ ಕಾಯಬೇಡಿ

ಸಿಡಿಲಿನಂತೆ ಒಮ್ಮೆಲೇ ಬಂದ ನೋವು, ಜ್ವರದ ಜೊತೆ ಕುತ್ತಿಗೆ ಬಿಗಿತ, ಕೈಕಾಲು ಸೋಲುವುದು, ಮಾತು ತೊದಲುವುದು, 50 ದಾಟಿದ ಮೇಲೆ ಹೊಸದಾಗಿ ಶುರುವಾದ ತಲೆನೋವು: ಇವುಗಳಲ್ಲಿ ಯಾವುದಿದ್ದರೂ ಕೂಡಲೇ ಆಸ್ಪತ್ರೆಗೆ ಹೋಗಿ. ಗರ್ಭಿಣಿಗೆ ಜೋರು ತಲೆನೋವು ಬಂದು ಕಣ್ಣ ಮುಂದೆ ಮಿಂಚು ಕಂಡರೆ ಅದು ರಕ್ತದೊತ್ತಡ ಏರಿದ ಗುರುತಿರಬಹುದು. ಸಂಜೆಯ ಹಾಲು ಬೇರೆಯವರು ಕರೆಯಲಿ, ನೀವು ಮೊದಲು ಆಸ್ಪತ್ರೆಗೆ ಹೊರಡಿ.