ದೋಷಸಂಕೇತ ಮತ್ತು ಬಿಡಿಭಾಗದ ಬಿಲ್ಲು: ಎಕ್ಸ್‌ಕವೇಟರ್‌ನ ಹೈಡ್ರಾಲಿಕ್ ಸೆನ್ಸರ್ ಪರೀಕ್ಷೆ

ಕಲ್ಲುಗಣಿ, ಕೆರೆಯ ಹೂಳೆತ್ತುವ ಗುತ್ತಿಗೆ, ಬಡಾವಣೆ ನಿರ್ಮಾಣ ಮುಂತಾದ ಕೆಲಸಗಳಲ್ಲಿ ತೊಡಗಿರುವ ಅನೇಕ ಸಣ್ಣ ಉದ್ಯಮಿಗಳ ಬಂಡವಾಳದ ಬಹುಪಾಲು ಒಂದೆರಡು ಎಕ್ಸ್‌ಕವೇಟರ್‌ಗಳಲ್ಲಿಯೇ ಅಡಗಿರುತ್ತದೆ. (ಯಾವ ಕಂಪನಿಯ ಯಂತ್ರವಾದರೂ ನಮ್ಮ ನಾಡಿನ ಜನರ ಬಾಯಲ್ಲಿ ಅದು ‘ಹಿಟಾಚಿ’ಯೇ.) ಇಂತಹ ಯಂತ್ರ ಒಂದು ದಿನ ಇದ್ದಕ್ಕಿದ್ದಂತೆ ನಿಧಾನವಾಗುತ್ತದೆ, ಮಾನಿಟರ್‌ನಲ್ಲಿ ದೋಷಸಂಕೇತವೊಂದು ಮೂಡುತ್ತದೆ. ಆಪರೇಟರ್ ಮಾಲೀಕರಿಗೆ ಫೋನ್ ಮಾಡುತ್ತಾನೆ, ಮಾಲೀಕರು ಮೆಕ್ಯಾನಿಕ್‌ಗೆ ಮಾಡುತ್ತಾರೆ. ‘ಪಂಪ್ ಪ್ರೆಷರ್ ಸೆನ್ಸರ್ ಹೋಗಿದೆ, ತರಿಸಿಬಿಡಿ’ ಎಂಬ ಉತ್ತರ ಯಂತ್ರವನ್ನು ನೋಡುವ ಮೊದಲೇ ಬರುತ್ತದೆ. ಹಣ ಪೋಲಾಗುವುದು ಇಲ್ಲಿಂದಲೇ. ಮಾನಿಟರ್ ಹೇಳಿದ್ದು ಆ ಸೆನ್ಸರ್‌ನ ಮಾರ್ಗದಲ್ಲಿ ಏನೋ ಸರಿಯಿಲ್ಲ ಎಂದಷ್ಟೇ. ದೋಷ ಸೆನ್ಸರ್‌ನಲ್ಲಿದೆಯೋ, ವೈರಿನಲ್ಲಿದೆಯೋ, ಕನೆಕ್ಟರ್‌ನಲ್ಲಿದೆಯೋ, ಕಂಟ್ರೋಲರ್‌ನಲ್ಲಿದೆಯೋ, ಇಲ್ಲವೇ ಸ್ವತಃ ಪಂಪಿನಲ್ಲಿದೆಯೋ ಎಂಬುದನ್ನು ಅದು ಹೇಳಿರುವುದಿಲ್ಲ.

ಸೆನ್ಸರ್ ಕೆಲಸ ಮಾಡುವ ರೀತಿ ಕ್ಲಿಷ್ಟವಾದುದೇನಲ್ಲ. ಹೆಚ್ಚಿನ ಯಂತ್ರಗಳಲ್ಲಿ ಎಣ್ಣೆಯ ಒತ್ತಡವನ್ನು ಅಳೆಯುವ ಸೆನ್ಸರ್‌ಗೆ ಮೂರು ವೈರುಗಳಿರುತ್ತವೆ. ಒಂದರಲ್ಲಿ ಕಂಟ್ರೋಲರ್‌ನಿಂದ 5 ವೋಲ್ಟ್ ಬರುತ್ತದೆ, ಇನ್ನೊಂದು ಅರ್ಥ್, ಮೂರನೆಯದು ಮಾಹಿತಿ ಮರಳುವ ಸಿಗ್ನಲ್ ವೈರು. ಒತ್ತಡವೇ ಇಲ್ಲದಾಗ ಸಿಗ್ನಲ್ ಸುಮಾರು 0.5 ವೋಲ್ಟ್, ಪೂರ್ಣ ಅಳತೆಯ ಒತ್ತಡದಲ್ಲಿ ಸುಮಾರು 4.5 ವೋಲ್ಟ್. ಶೂನ್ಯ ಒತ್ತಡಕ್ಕೆ ಶೂನ್ಯ ವೋಲ್ಟನ್ನು ಇಡದೆ 0.5 ಇಟ್ಟಿರುವುದರಲ್ಲಿ ಜಾಣ್ಮೆಯಿದೆ. ವೈರು ತುಂಡಾದರೆ ಅಥವಾ ಅರ್ಥ್‌ಗೆ ತಗುಲಿದರೆ ಸಿಗ್ನಲ್ ಸಾಮಾನ್ಯವಾಗಿ ಶೂನ್ಯಕ್ಕಿಳಿಯುತ್ತದೆ, 5 ವೋಲ್ಟ್ ವೈರಿಗೆ ತಗುಲಿದರೆ 5ಕ್ಕೇರುತ್ತದೆ. ಇವೆರಡೂ ನಿಜವಾದ ಒತ್ತಡದಿಂದ ಬರಲಾಗದ ಅಂಕಿಗಳಾದ್ದರಿಂದ ಕಂಟ್ರೋಲರ್ ತಕ್ಷಣ ದೋಷವನ್ನು ಗುರುತಿಸಿ, ತನ್ನಲ್ಲಿರುವ ಒಂದು ನಿಗದಿತ ಬೆಲೆಯನ್ನು ಹಿಡಿದು ಯಂತ್ರವನ್ನು ಕುಂಟುತ್ತಾ ನಡೆಸುತ್ತದೆ. ಮಾಲೀಕರಿಗೆ ಕಾಣುವ ‘ನಿಧಾನ’ ಅನೇಕ ವೇಳೆ ಇದೇ.

ಎಸ್‌ಎಇ ಜೆ1939 ಪದ್ಧತಿಯನ್ನು ಅನುಸರಿಸುವ ಯಂತ್ರಗಳಲ್ಲಿ ದೋಷಸಂಕೇತದ ಜೊತೆಗೆ ‘ಎಫ್‌ಎಂಐ’ ಎಂಬ ಇನ್ನೊಂದು ಅಂಕಿಯೂ ಇರುತ್ತದೆ. ಬಹಳ ಮಂದಿ ಇದನ್ನು ಓದುವುದೇ ಇಲ್ಲ. 3 ಎಂದರೆ ವೋಲ್ಟೇಜ್ ಮಿತಿಗಿಂತ ಮೇಲೆ, 4 ಎಂದರೆ ಮಿತಿಗಿಂತ ಕೆಳಗೆ. ಇವೆರಡೂ ಮೊದಲು ವಿದ್ಯುತ್ ಮಾರ್ಗದ ಕಡೆಗೆ ಬೆರಳು ತೋರಿಸುತ್ತವೆ. 0 ಅಥವಾ 1 ಇದ್ದರೆ ಅರ್ಥ ಬೇರೆ: ಮಾಹಿತಿ ಸರಿಯಾಗಿಯೇ ಬಂದಿದೆ, ಅಳತೆಗೆ ಸಿಕ್ಕ ಬೆಲೆಯೇ ಮಿತಿ ಮೀರಿದೆ. ಅಂದರೆ ಸೆನ್ಸರ್ ನಿಜ ಹೇಳುತ್ತಿರುವ ಸಂಭವವೇ ಹೆಚ್ಚು. ಸುದ್ದಿ ತಂದವನನ್ನು ಬದಲಾಯಿಸಿದರೆ ಸುದ್ದಿ ಬದಲಾಗದು. ತಮ್ಮದೇ ಸಂಕೇತಗಳನ್ನು ಬಳಸುವ ತಯಾರಕರ ಕೈಪಿಡಿಗಳಲ್ಲಿಯೂ ಈ ವಿವರ ಸಾಮಾನ್ಯವಾಗಿ ದೊರೆಯುತ್ತದೆ.

ಪರೀಕ್ಷೆಗೆ ಬೇಕಾದುದು ಒಂದು ಒಳ್ಳೆಯ ಮಲ್ಟಿಮೀಟರ್, ಒಂದು ಪ್ರೆಷರ್ ಗೇಜ್ ಮತ್ತು ಅಳತೆಗೆ ಮೊದಲು ತೀರ್ಪು ಕೊಡದ ಮೆಕ್ಯಾನಿಕ್. (ಮೂರನೆಯದೇ ದುರ್ಲಭ.) ಎಂಜಿನ್ ನಿಲ್ಲಿಸಿ, ಕೀಲಿ ಮಾತ್ರ ಆನ್ ಮಾಡಿ, ಸೆನ್ಸರ್‌ನ ಕನೆಕ್ಟರ್ ಬಿಚ್ಚಿ, ವೈರಿನ ಕಡೆಯ ಎರಡು ಪಿನ್‌ಗಳ ನಡುವೆ 5 ವೋಲ್ಟ್ ಇದೆಯೇ ಎಂದು ನೋಡಬೇಕು. ಇಲ್ಲದಿದ್ದರೆ ಹೊಸ ಸೆನ್ಸರ್ ಹಾಕಿ ಪ್ರಯೋಜನವಿಲ್ಲ. ಎರಡು ಮೂರು ಸೆನ್ಸರ್‌ಗಳ ಸಂಕೇತ ಒಟ್ಟಿಗೇ ಬಂದಾಗ ಇದು ಮೊದಲ ಸಂದೇಹವಾಗಬೇಕು. ಅನೇಕ ಸೆನ್ಸರ್‌ಗಳು ಒಂದೇ 5 ವೋಲ್ಟ್ ಮಾರ್ಗವನ್ನು ಹಂಚಿಕೊಂಡಿರುವುದರಿಂದ ಒಂದರಲ್ಲಿ ಶಾರ್ಟ್ ಆದರೆ ಉಳಿದವೂ ಕೆಟ್ಟಂತೆ ತೋರುತ್ತವೆ. ಒಂದೊಂದೇ ಕನೆಕ್ಟರ್ ಬಿಚ್ಚುತ್ತಾ ಹೋದರೆ, ಯಾವುದನ್ನು ಬಿಚ್ಚಿದಾಗ 5 ವೋಲ್ಟ್ ಮರಳುತ್ತದೆಯೋ ಅಲ್ಲಿ ದೋಷ ಸಿಗುತ್ತದೆ.

5 ವೋಲ್ಟ್ ಸರಿಯಿದ್ದರೆ ಅದಲು ಬದಲು ಮಾಡಿ ನೋಡುವುದು ಖರ್ಚಿಲ್ಲದ ಉಪಾಯ. ಎರಡು ಮುಖ್ಯ ಪಂಪುಗಳಿರುವ ಯಂತ್ರಗಳಲ್ಲಿ ಅವುಗಳ ಒತ್ತಡದ ಸೆನ್ಸರ್‌ಗಳು ಸಾಮಾನ್ಯವಾಗಿ ಒಂದೇ ಮಾದರಿಯವು. ಎರಡನ್ನೂ ಪರಸ್ಪರ ಬದಲಿಸಿದಾಗ ಸಂಕೇತವೂ ಸೆನ್ಸರ್‌ನ ಜೊತೆ ಸ್ಥಳ ಬದಲಿಸಿದರೆ ಸೆನ್ಸರ್ ಕೆಟ್ಟಿದೆ. ಮೊದಲಿನ ಸ್ಥಳದಲ್ಲಿಯೇ ಉಳಿದರೆ ಸೆನ್ಸರ್ ನಿರ್ದೋಷಿ. ಆದರೆ ಬಿಚ್ಚುವ ಮುನ್ನ ಬಕೆಟ್ಟನ್ನು ನೆಲಕ್ಕಿಳಿಸಿ, ಮಾರ್ಗದಲ್ಲಿ ಹಾಗೂ ಟ್ಯಾಂಕಿನಲ್ಲಿ ಉಳಿದ ಒತ್ತಡವನ್ನು ಕೈಪಿಡಿ ಹೇಳಿದಂತೆ ಬಿಡುಗಡೆ ಮಾಡಲೇಬೇಕು. ಸೂಜಿಯಂತೆ ಚಿಮ್ಮುವ ಎಣ್ಣೆ ಚರ್ಮವನ್ನು ಭೇದಿಸಿ ಒಳಹೊಕ್ಕರೆ ಕೈಯನ್ನೇ ಕಳೆದುಕೊಳ್ಳುವ ಅಪಾಯವಿದೆ. ಗಾಯ ಚಿಕ್ಕದಾಗಿ ಕಂಡರೂ ತಡಮಾಡದೆ ಆಸ್ಪತ್ರೆಗೆ ಹೋಗಬೇಕು.

ಸಂಕೇತವೇ ಇಲ್ಲದೆ ಯಂತ್ರ ದುರ್ಬಲವಾದಾಗ ಗೇಜ್ ಅನಿವಾರ್ಯ. 50 ಮೆಗಾಪ್ಯಾಸ್ಕಲ್ ಅಳತೆಯ ಸೆನ್ಸರ್ 2.1 ವೋಲ್ಟ್ ಕೊಟ್ಟರೆ ಅದು 20 ಮೆಗಾಪ್ಯಾಸ್ಕಲ್ ಎಂದು ಹೇಳಿದಂತೆ. 20 ಟನ್ ವರ್ಗದ ಯಂತ್ರದಲ್ಲಿ ಲೋಡ್ ಪೂರ್ತಿ ತಗುಲಿದಾಗ ಒತ್ತಡ ಸುಮಾರು 34 ಮೆಗಾಪ್ಯಾಸ್ಕಲ್, ಅಂದರೆ ಮೆಕ್ಯಾನಿಕ್‌ಗಳ ಲೆಕ್ಕದಲ್ಲಿ 350 ಕೆ.ಜಿ.ಯ ಆಸುಪಾಸು ಇರಬೇಕು. ಅದೇ ಕ್ಷಣದಲ್ಲಿ ಗೇಜ್ 34 ತೋರಿಸಿದರೆ ಸೆನ್ಸರ್ ಸುಳ್ಳು ಹೇಳುತ್ತಿದೆ. ಗೇಜ್ ಕೂಡ 20 ಎಂದರೆ ರಿಲೀಫ್ ವಾಲ್ವನ್ನೂ ಆ ಬಳಿಕ ಪಂಪನ್ನೂ ಪರೀಕ್ಷಿಸಬೇಕು. ಕೆಲವು ಯಂತ್ರಗಳಲ್ಲಿ ಕಂಟ್ರೋಲರ್‌ನ್ನು ಬದಿಗಿಟ್ಟು ಪಂಪನ್ನು ನಡೆಸುವ ತುರ್ತು ಸ್ವಿಚ್ ಇರುತ್ತದೆ. ಅದನ್ನು ಹಾಕಿದೊಡನೆ ಯಂತ್ರ ಚುರುಕಾದರೆ, ಲಕ್ಷಾಂತರ ರೂಪಾಯಿಯ ಪಂಪ್ ದುರಸ್ತಿಯ ಮಾತನ್ನು ಕೈಬಿಟ್ಟು ವೈರಿಂಗ್ ಕಡೆ ನೋಡುವುದು ವಿವೇಕ.

ಈಗ ಲೆಕ್ಕದ ಮಾತು. ಡೀಸೆಲ್ ಕಳೆದು ಗಂಟೆಗೆ 1,000 ರೂ. ಬಾಡಿಗೆ, ದಿನಕ್ಕೆ 8 ಗಂಟೆ ಕೆಲಸ, ಸೆನ್ಸರ್‌ನ ಬೆಲೆ 12,000 ರೂ., ಅದು ಬರಲು 3 ದಿನ ಎಂದು ಭಾವಿಸಿದರೆ, ಒಂದು ತಪ್ಪು ಊಹೆಯ ವೆಚ್ಚ 36,000 ರೂ. ಹೊಸ ಸೆನ್ಸರ್ ಹಾಕಿದ ಮೇಲೆ ಅದೇ ಸಂಕೇತ ಮತ್ತೆ ಮೂಡಿದರೆ ಮೀಟರ್ ಪುನಃ ಓಡತೊಡಗುತ್ತದೆ. ಒಮ್ಮೆ ಜೋಡಿಸಿದ ವಿದ್ಯುತ್ ಬಿಡಿಭಾಗವನ್ನು ಮಾರಾಟಗಾರರು ಸಾಮಾನ್ಯವಾಗಿ ಹಿಂದಕ್ಕೆ ಪಡೆಯುವುದಿಲ್ಲ. ಅರ್ಧ ದಿನದ ಪರೀಕ್ಷೆಗೆ ನಷ್ಟವಾಗುವ ಬಾಡಿಗೆ 4,000 ರೂ., ಎಲೆಕ್ಟ್ರೀಷಿಯನ್‌ಗೆ 2,000 ರೂ. ಸೇರಿ 6,000 ರೂ. ಸಾಲದ ಕಂತು, ಆಪರೇಟರ್‌ನ ಸಂಬಳ, ಕಾದು ನಿಂತ ಟಿಪ್ಪರ್‌ಗಳ ಮುನಿಸು ಇವು ಬೇರೆ. ಇವು ಉದಾಹರಣೆಯ ಅಂಕಿಗಳು. ಪ್ರತಿಯೊಬ್ಬ ಮಾಲೀಕರೂ ತಮ್ಮ ದರಗಳನ್ನು ಹಾಕಿ ನೋಡಬಹುದು.

ದೋಷದ ಮೂಲ ಹಲವು ಸಲ ಯಂತ್ರದ ಹೊರಗಿರುತ್ತದೆ. ಕೆಲಸ ಮುಗಿದ ಮೇಲೆ ರಭಸದ ನೀರಿನಿಂದ ತೊಳೆಯುವಾಗ ಕನೆಕ್ಟರ್‌ನೊಳಗೆ ನೀರು ಸೇರಿ ಪಿನ್‌ಗಳಿಗೆ ಹಸಿರು ಕಿಲುಬು ಹಿಡಿಯುತ್ತದೆ. ಮಲೆನಾಡು, ಕರಾವಳಿಗಳಲ್ಲಿ ಮಳೆಗಾಲದಲ್ಲಿ ನಿಂತ ಯಂತ್ರದ ವೈರನ್ನು ಇಲಿ ಕಡಿಯುವುದುಂಟು. ಬಕೆಟ್ಟಿಗೆ ವೆಲ್ಡಿಂಗ್ ಮಾಡುವಾಗ ಬ್ಯಾಟರಿ ಸಂಪರ್ಕ ತೆಗೆಯದೆ, ಅರ್ಥ್ ಕ್ಲಾಂಪನ್ನು ದೂರದಲ್ಲೆಲ್ಲೋ ಸಿಕ್ಕಿಸಿದರೆ ಕಂಟ್ರೋಲರ್‌ಗೇ ಹಾನಿಯಾಗಬಹುದು. ಪರೀಕ್ಷಿಸುವ ಭರದಲ್ಲಿ ವೈರಿಗೆ ಸೂಜಿ ಚುಚ್ಚುವ ಅಭ್ಯಾಸವೂ ಮುಂದಿನ ಮಳೆಗಾಲದ ದೋಷಕ್ಕೆ ಬೀಜ.

ಮೀಟರ್ ಹಿಡಿಯಲು ಬಾರದ ಮಾಲೀಕರ ಬಳಿಯೂ ಒಂದು ಪರೀಕ್ಷಾ ಸಾಧನವಿದೆ: ಅವರ ಖಾತೆ ಪುಸ್ತಕ. ‘ಬಿಡಿಭಾಗಗಳು’ ಎಂಬ ಒಂದೇ ತಲೆಬರಹದಡಿ ಎಲ್ಲ ಬಿಲ್ಲುಗಳನ್ನೂ ಸುರಿಯದೆ, ಯಂತ್ರದ ಸಂಖ್ಯೆ, ಗಂಟೆಮಾಪಕದ ಅಂಕಿ, ಯಾವ ಸ್ಥಾನದ ಸೆನ್ಸರ್, ಯಾವ ಸಂಕೇತ ಎಂಬಿಷ್ಟನ್ನು ಬಿಲ್ಲಿನ ಹಿಂಬದಿಯಲ್ಲಿ ಬರೆದಿಟ್ಟರೆ ಸಾಕು. ಒಂದೇ ಸ್ಥಾನಕ್ಕೆ ವರ್ಷದಲ್ಲಿ ಮೂರನೆಯ ಸೆನ್ಸರ್ ಖರೀದಿಯಾಗಿದ್ದರೆ ಸಂಶಯ ಸೆನ್ಸರ್ ಮೇಲಿಂದ ವೈರಿಂಗ್ ಮೇಲೆ ತಿರುಗಬೇಕು. ಯಂತ್ರ ಸುಸ್ಥಿತಿಯಲ್ಲಿರುವಾಗಲೇ ಪ್ರತಿ ಸೆನ್ಸರ್‌ನ ವೋಲ್ಟನ್ನೂ ಗೇಜಿನ ಒತ್ತಡವನ್ನೂ ಅಳೆದು ಅದೇ ಪುಸ್ತಕದಲ್ಲಿ ಬರೆದಿಟ್ಟರೆ, ಕೆಟ್ಟ ದಿನ ಹೋಲಿಸಿ ನೋಡಲು ಆ ಅಂಕಿಗಳು ಒದಗುತ್ತವೆ. ತೆಗೆದ ಹಳೆಯ ಸೆನ್ಸರನ್ನು ಸಹ, ಹೊಸದು ನೂರು ಗಂಟೆ ಸರಿಯಾಗಿ ಓಡುವವರೆಗೆ, ಎಸೆಯದೆ ಚೀಟಿ ಕಟ್ಟಿ ಇಟ್ಟುಕೊಳ್ಳಬೇಕು.