15 ಸಾವಿರಕ್ಕೆ ಮನೆಯಲ್ಲೇ ವರ್ಕ್‌ಶಾಪ್: ಮೊದಲು ಏನು ಕೊಳ್ಳಬೇಕು?

ಐಟಿಐನಲ್ಲಿ ಎರಡು ವರ್ಷ ಫಿಟ್ಟರ್ ಟ್ರೇಡ್ ಓದಿದವರ ಕೈಲಿ ಸರ್ಟಿಫಿಕೇಟ್ ಇರುತ್ತೆ, ಒಂದು ಬೆಂಚ್ ವೈಸ್ ಇರಲ್ಲ. ಕಲಿತದ್ದನ್ನು ಸ್ವಂತಕ್ಕೆ ಮಾಡೋಣ ಅಂದರೆ ಉಪಕರಣ ಬೇಕು, ಉಪಕರಣಕ್ಕೆ ದುಡ್ಡು ಬೇಕು. ಹೀಗೇ ಎಷ್ಟೋ ಜನ ಪೀಣ್ಯದಲ್ಲೋ ಬೊಮ್ಮಸಂದ್ರದಲ್ಲೋ ಗುತ್ತಿಗೆ ಕೆಲಸಕ್ಕೆ ಸೇರಿ ಅಲ್ಲೇ ಉಳಿದುಬಿಡುತ್ತಾರೆ.

ಸರ್ಕಾರ ಏನೂ ಕೊಡಲ್ಲ ಅಂತೇನಿಲ್ಲ. 2023ರ ಸೆಪ್ಟೆಂಬರ್ 17ರಂದು ಶುರುವಾದ ಪಿಎಂ ವಿಶ್ವಕರ್ಮ ಯೋಜನೆಯಲ್ಲಿ ಟೂಲ್‌ಕಿಟ್‌ಗೆ 15,000 ರೂಪಾಯಿವರೆಗೆ ನೆರವಿದೆ. 5% ಬಡ್ಡಿಗೆ ಮೊದಲು 1 ಲಕ್ಷ, ಆಮೇಲೆ 2 ಲಕ್ಷ ಸಾಲವೂ ಇದೆ. ಆದರೆ ಅದರ 18 ಕಸುಬುಗಳ ಪಟ್ಟಿಯಲ್ಲಿ ಕಮ್ಮಾರರು, ಬೀಗ ಮಾಡುವವರು ಇದ್ದಾರೆ. ಫಿಟ್ಟರ್, ಟರ್ನರ್, ವೆಲ್ಡರ್ ಇಲ್ಲ. ಅದೂ ಕುಟುಂಬದ ಸಾಂಪ್ರದಾಯಿಕ ಕಸುಬು ಎಂಬ ಚೌಕಟ್ಟಿನೊಳಗೆ. 2024ರ ನವೆಂಬರ್‌ನಲ್ಲಿ ತಮಿಳುನಾಡು ಸರ್ಕಾರ 'ಈಗಿರುವ ರೂಪದಲ್ಲಿ ಜಾರಿ ಮಾಡಲ್ಲ' ಅಂದಿದ್ದು ಇದನ್ನೇ ಆಕ್ಷೇಪಿಸಿ. ಕೂಲಿ ಮಾಡುವವರ ಮಗಳೊಬ್ಬಳು ಫಿಟ್ಟರ್ ಕೆಲಸ ಕಲಿತು ಬಂದರೆ ಅವಳ 'ಕುಟುಂಬದ ಕಸುಬು' ಯಾವುದು?

ಇರಲಿ. ಆ 15 ಸಾವಿರವನ್ನೇ ಲೆಕ್ಕಕ್ಕೆ ಇಟ್ಟುಕೊಳ್ಳೋಣ. ನೆರವು ಸಿಗದಿದ್ದವರು ಕೂಡಿಸಿಕೊಳ್ಳಬೇಕಾದ ಮೊತ್ತವೂ ಹೆಚ್ಚುಕಡಿಮೆ ಅಷ್ಟೇ.

ಮೊದಲ ಖರ್ಚು ವೈಸ್. ನಾಲ್ಕು ಇಂಚಿನದ್ದು ಸಾಕು, ಆದರೆ ಅಲ್ಲಾಡದ ಮೇಜಿಗೆ ಬೋಲ್ಟ್ ಹಾಕಿ ಕೂರಿಸಬೇಕು. ಎರಡನೆಯದು ವರ್ನಿಯರ್. ಇಲ್ಲಿ ಉಳಿತಾಯ ಬೇಡ. ಅಳತೆ ತಪ್ಪಿದರೆ ಮುಂದಿನ ಕೆಲಸವೆಲ್ಲ ಗುಜರಿ. ಕೊಳ್ಳುವಾಗ ಎರಡೂ ದವಡೆ ಮುಚ್ಚಿ ಬೆಳಕಿಗೆ ಹಿಡಿಯಿರಿ. ನಡುವೆ ಬೆಳಕು ನುಸುಳಬಾರದು, ಸೊನ್ನೆಗೆ ಸೊನ್ನೆ ಕೂರಬೇಕು. ಆಮೇಲೆ ಒರಟು ಅರ, ನಯ ಅರ, ಹ್ಯಾಕ್ಸಾ. ತೆಳು ತಗಡಿಗೆ ಇಂಚಿಗೆ 32 ಹಲ್ಲಿನ ಬ್ಲೇಡ್, ದಪ್ಪ ಪಟ್ಟಿಗೆ 18 ಹಲ್ಲಿನದು. ಡ್ರಿಲ್ ಮಷಿನ್, ನಾಲ್ಕು ಇಂಚಿನ ಗ್ರೈಂಡರ್ ತಲಾ ಎರಡು-ಮೂರು ಸಾವಿರದ ಆಸುಪಾಸು. ಟ್ಯಾಪ್‌ನಲ್ಲಿ ಎಂ6, ಎಂ8, ಎಂ10 ಇದ್ದರೆ ಸದ್ಯಕ್ಕೆ ಸಾಕು. ಎಂ6ಗೆ 5 ಮಿ.ಮೀ. ತೂತು, ಎಂ8ಗೆ 6.8. ಇಷ್ಟರಲ್ಲೇ ಬ್ರಾಕೆಟ್, ಕ್ಲಾಂಪ್, ಹಾಳಾದ ಥ್ರೆಡ್‌ನ ರಿಪೇರಿ ಎಲ್ಲ ಆಗುತ್ತೆ. ವೆಲ್ಡಿಂಗ್ ಮಷಿನ್ ಎರಡನೇ ಸುತ್ತಿಗೆ ಇರಲಿ, ಗಿರಾಕಿ ದುಡ್ಡಲ್ಲಿ.

ಉಳಿತಾಯ ಇರೋದು ಹಳೇ ಮಾಲಿನಲ್ಲಿ. ಬೆಂಗಳೂರಿನಲ್ಲಾದರೆ ಭಾನುವಾರ ಸಂಡೆ ಬಜಾರ್, ಬೇರೆ ಊರಲ್ಲಾದರೆ ಗುಜರಿ ಅಂಗಡಿ. ವೈಸ್, ಸುತ್ತಿಗೆ, ಸ್ಪ್ಯಾನರ್ ಹಳೇದಾದಷ್ಟೂ ಚಿಂತೆಯಿಲ್ಲ. ವೈಸ್‌ನಲ್ಲಿ ಬಿರುಕು, ಬೆಸುಗೆಯ ಗುರುತು ಮಾತ್ರ ನೋಡಿಕೊಳ್ಳಿ. ಅರ ಮಾತ್ರ ಹೊಸದೇ ಇರಲಿ, ಸವೆದ ಅರ ಬರೀ ಕಬ್ಬಿಣದ ತುಂಡು.

ಹಳೇದು ಮುಟ್ಟಲೇಬಾರದ್ದು ಗ್ರೈಂಡರ್ ಡಿಸ್ಕ್. ನಾಲ್ಕು ಇಂಚಿನ ಗ್ರೈಂಡರ್ ನಿಮಿಷಕ್ಕೆ ಸುಮಾರು 11,000 ಸುತ್ತು ತಿರುಗುತ್ತೆ. ಡಿಸ್ಕ್ ಮೇಲೆ ಅದಕ್ಕಿಂತ ಹೆಚ್ಚಿನ ವೇಗ ನಮೂದಾಗಿರಬೇಕು. ಒಳ್ಳೆಯದರಲ್ಲಿ 15,300 ಅಂತಿರುತ್ತೆ. ನಡುವಿನ ಲೋಹದ ಉಂಗುರದ ಮೇಲೆ ಅವಧಿ ಮುಗಿಯುವ ತಿಂಗಳು-ವರ್ಷವೂ ಇರುತ್ತೆ, ಯಾಕಂದ್ರೆ ಡಿಸ್ಕ್ ಹಿಡಿದಿಟ್ಟಿರೋ ಅಂಟು ತೇವಕ್ಕೆ, ವಯಸ್ಸಿಗೆ ದುರ್ಬಲವಾಗುತ್ತೆ. ಗಾರ್ಡ್ ಬಿಚ್ಚಿ ಕೆಲಸ ಮಾಡೋದು ನಮ್ಮ ಶೆಡ್‌ಗಳಲ್ಲಿ ಗಂಡಸ್ತನದ ಲಕ್ಷಣ ಆಗಿಬಿಟ್ಟಿದೆ. ಒಡೆದ ಚೂರಿಗೆ ಅದೆಲ್ಲ ಗೊತ್ತಿರಲ್ಲ. ಕನ್ನಡಕ, ಮುಖದ ಶೀಲ್ಡ್, ಕಿವಿಗೆ ಪ್ಲಗ್ ಆ 15 ಸಾವಿರದೊಳಗೇ ಬರಬೇಕು, ಮಿಕ್ಕರೆ ನೋಡೋಣ ಅನ್ನೋ ಪಟ್ಟಿಯಲ್ಲಲ್ಲ. ಮುಂದೆ ವೆಲ್ಡಿಂಗ್‌ಗೆ ಇಳಿದಾಗ ಜಿಐ ಪೈಪಿನ ಸತುವಿನ ಲೇಪ ತೆಗೆಯದೆ ಬೆಸುಗೆ ಹಾಕಬೇಡಿ. ಆ ಬಿಳಿ ಹೊಗೆ ಕುಡಿದರೆ ರಾತ್ರಿಗೆ ಚಳಿಜ್ವರ ಬರಬಹುದು.

ಇನ್ನು ಕರೆಂಟ್. ಡ್ರಿಲ್, ಗ್ರೈಂಡರ್ ಮನೆಯ ಸಿಂಗಲ್ ಫೇಸ್‌ನಲ್ಲೇ ಓಡುತ್ತವೆ. ವೆಲ್ಡಿಂಗ್‌ಗೆ ಎಂಸಿಬಿಯಿಂದಲೇ ಬೇರೆ ದಪ್ಪ ವೈರು, ಗಟ್ಟಿ ಅರ್ಥಿಂಗ್ ಬೇಕು. ಟಿವಿ ಪಕ್ಕದ ಪ್ಲಗ್‌ಗೆ ಚುಚ್ಚಿದರೆ ವೈರು ಸುಡುತ್ತೆ. ಗೃಹಜ್ಯೋತಿಯ 200 ಯೂನಿಟ್ ಮನೆಬಳಕೆಗೆ ಮಾತ್ರ. ಗಿರಾಕಿ ಕೆಲಸ ಹೆಚ್ಚಾದಾಗ ಪ್ರತ್ಯೇಕ ಮೀಟರ್ ಹಾಕಿಸಿಕೊಳ್ಳಬೇಕಾಗುತ್ತೆ, ಆ ಖರ್ಚನ್ನು ಈಗಲೇ ತಲೆಯಲ್ಲಿಟ್ಟುಕೊಳ್ಳಿ. ಲೇತ್ ಆಸೆ ಇರುವವರಿಗೂ ಅಷ್ಟೇ: ಗುಜರಿಯಲ್ಲಿ ಸಿಗುವ ಹಳೇ ಲೇತ್‌ಗೆ ಸಾಮಾನ್ಯವಾಗಿ ತ್ರೀ ಫೇಸ್ ಮೋಟಾರ್ ಇರುತ್ತೆ. ಮಷಿನ್ ಅಗ್ಗಕ್ಕೆ ಬಂದರೂ ಅದನ್ನು ಮನೇಲಿ ತಿರುಗಿಸೋದು ಅಗ್ಗ ಅಲ್ಲ.